ಬಣ್ಣದ ಹೆಣ್ಣುಮೀನುಗಳು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಕ್ಕ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆದು ನನ್ನನ್ನು ಬಿ.ಎಸ್ಸಿ. ಓದಿಸಿದಳು. ಆ ಪದವಿಯ ಬಗ್ಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಸೋಪಿನ ನೀರಿಗೆ ಅಕ್ಕನ ಕೈ ಬಿರಿದು ರಕ್ತ ಬರತೊಡಗಿದ ಮೇಲೆ ಆ ಕೆಲಸ ಬಿಟ್ಟಳು. ಕೆ.ಆರ್. ಪುರದ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಟಬ್ಬುಗಳಿಟ್ಟು, ಗಪ್ಪಿ ಎಂಬ ಪುಟ್ಟ ಅಲಂಕಾರದ ಮೀನು ಸಾಕಿ, ಮರಿ ಮಾಡಿಸಿ, ಅಂಗಡಿಗಳಿಗೆ ಕೊಡುವುದೆಂದಾಯಿತು. ಶಿವಾಜಿನಗರದ ಒಂದು ಅಂಗಡಿಯಿಂದ ಮೀನು ತಂದೆವು. ಗಪ್ಪಿಯಲ್ಲಿ ಬಣ್ಣವೆಲ್ಲ ಗಂಡಿನದು, ಹೆಣ್ಣು ಮಾಸಲು. ಇವುಗಳಲ್ಲಿ ಹೆಣ್ಣಿಗೂ ಕೆಂಪು ಬಾಲ. ಅಕ್ಕನಿಗೆ ಅದು ಅದೃಷ್ಟವಾಗಿ ಕಂಡಿತು.

"ತಾಯಿಗೇ ಇಷ್ಟು ಬಣ್ಣ ಇದ್ರೆ ಮರಿ ಹೆಂಗಿರ್ಬೇಡ," ಅಂದಳು.

ಗಪ್ಪಿ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಹಾಕಿದ್ದನ್ನು ತಾನೇ ತಿನ್ನುವುದೂ ಉಂಟು. ತಿಂಗಳುಗಳು ಕಳೆದರೂ ಮರಿ ಕಾಣದಿದ್ದಾಗ ಅಕ್ಕ ಹೆಣ್ಣುಗಳ ಮೇಲೆ ಕಳ್ಳಿಯರೆಂದು ಕಣ್ಣಿಟ್ಟಳು. ಮರಿ ಅವಿತುಕೊಳ್ಳಲೆಂದು ಟಬ್ಬಿಗೆ ನೀರುಗಿಡ ತುಂಬಿದಳು. ಬೆಳಗ್ಗೆ ಕಾಫಿಗೂ ಮುಂಚೆ ಹೋಗಿ, ಹೊಟ್ಟೆಬಾಕಗಳಾ ಎಂದು ಅವುಗಳನ್ನು ಬೈಯುತ್ತಿದ್ದಳು.

ಕೊನೆಗೆ ನಾನೊಂದು ಹೆಣ್ಣನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದೆ. ಹೊಟ್ಟೆಯ ಕೆಳಗಿನ ರೆಕ್ಕೆ ಹೆಣ್ಣಿನಂತೆ ಅಗಲವಾಗಿರಲಿಲ್ಲ, ಗಂಡಿನಂತೆ ಪೂರ್ತಿ ಚೂಪೂ ಆಗಿರಲಿಲ್ಲ. ಗಂಡಾಗಲು ಹೊರಟು ಅರ್ಧಕ್ಕೆ ನಿಂತಿತ್ತು. ಅವು ಯಾವ ಮರಿಯನ್ನೂ ತಿಂದಿರಲಿಲ್ಲ. ತಿನ್ನಲು ಮರಿ ಹುಟ್ಟೇ ಇರಲಿಲ್ಲ.

ಶಿವಾಜಿನಗರಕ್ಕೆ ಹೋಗಿ ಕೇಳಿದಾಗ ಅಂಗಡಿಯವನು ಏನನ್ನೂ ಮುಚ್ಚಿಡಲಿಲ್ಲ.

"ಸಣ್ಣ ಮರಿ ಇದ್ದಾಗ್ಲೇ ತಿಂಡೀಲಿ ಗಂಡಿನ ಹಾರ್ಮೋನ್ ಕೊಡ್ತಾರಕ್ಕ. ಹೆಣ್ಣಿಗೂ ಕಲರ್ ಬರುತ್ತೆ, ಮರಿ ಮಾತ್ರ ಆಗಲ್ಲ. ಇದು ನೋಡೋಕೆ ಇಡೋ ಮಾಲು. ಮರಿಗೆ ಅಂತ ನೀವು ಹೇಳ್ಲೇ ಇಲ್ವಲ್ಲ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಕ್ಕ ಕೇಳಿದಳು, "ನಾನೇನೂ ಮದ್ದು ಹಾಕಿಲ್ವಲ್ಲ. ಒಳ್ಳೆ ನೀರು, ಒಳ್ಳೆ ತಿಂಡಿ ಕೊಟ್ಕೊಂಡಿದ್ರೆ ಸರಿಹೋಗಲ್ವಾ?"

ಮೈ ರೂಪುಗೊಳ್ಳುವ ದಿನಗಳಲ್ಲಿ ಹೊಕ್ಕ ಮದ್ದು ನಿಂತರೂ ಅದು ಮಾಡಿದ ಕೆಲಸ ನಿಲ್ಲುವುದಿಲ್ಲ. ನನಗೆ ತಿಳಿದಂತೆ ಹೇಳಿದೆ.

"ಇದನ್ನ ಹೇಳೋಕೇನಾ ನಿನ್ನ ಓದ್ಸಿದ್ದು," ಅಂದಳು.

ಮತ್ತೆ ಮೀನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಅಕ್ಕ ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಇಂದಿರಾನಗರದ ಸಿಂಕುಗಳಿಗೇ ಮರಳಿದಳು. ಟಬ್ಬುಗಳಲ್ಲಿ ಹೆಣ್ಣುಗಳ ಕೆಂಪು ಒಂದೊಂದಾಗಿ ಇಳಿಯಿತು. ಈಗ ನೋಡಿದರೆ ಮರಿ ಹಾಕುವ ತಾಯಂದಿರಂತೆಯೇ ಮಾಸಲಾಗಿವೆ. ಕೆಲಸಕ್ಕೆ ಹೊರಡುವ ಮುಂಚೆ ಅಕ್ಕ ಇವತ್ತಿಗೂ ನೀರುಗಿಡ ಸರಿಸಿ, ಮರಿಯಿದೆಯೇ ಎಂದು ಕೆಳಗೆ ನೋಡುತ್ತಾಳೆ.