ಮೇಷ್ಟ್ರ ಗೇಣು

ನಾನು ನಿಂತಿದ್ದುದು ಕಾರಿನ ಮುಂಭಾಗದಿಂದ ಎಂಟು ಹೆಜ್ಜೆ ದೂರದಲ್ಲಿ, ಸ್ವಲ್ಪ ಎಡಕ್ಕೆ, ಒಂದು ಜಕರಂಡ ಮರದ ನೆರಳು ಮುಗಿಯುವಲ್ಲಿ. ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಶ್ರೀಕಂಠಯ್ಯ ಮೇಷ್ಟ್ರು ಹೊಗೆಯಾಡುತ್ತಿದ್ದ ಬಾನೆಟ್ಟಿನೊಳಗೆ ಬಲಗೈ ಹಾಕಿದ್ದನ್ನು ಅಲ್ಲಿಂದ ನೋಡಿದೆ. ಎಂಟು ಹೆಜ್ಜೆಯ ಮಾತು ಆಮೇಲೆ ಬರುತ್ತದೆ. ಮೊದಲು ಆ ಕೈಯ ವಿಷಯ.

ಅದು ಉದ್ದ ಬೆರಳುಗಳ ಒಣಕಲು ಕೈ. ಮೇಷ್ಟ್ರು ಟೇಪು ಹಿಡಿದು ಅಳೆದದ್ದನ್ನು ನಾನು ಕಂಡಿಲ್ಲ. ಹೆಬ್ಬೆರಳನ್ನು ಬ್ಯಾಟರಿಯ ಮೇಲೆ ಊರಿ, ಕಿರುಬೆರಳನ್ನು ಎಷ್ಟು ಸಾಧ್ಯವೋ ಅಷ್ಟು ಚಾಚಿ, ಅದು ಮುಟ್ಟಿದ ಕಡೆ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ಫ್ಯೂಸ್ ಆ ಗುರುತಿನೊಳಗೆ ಇರಬೇಕು. ಒಂದು ಗೇಣು, ಒಂದು ಬೆರಳಗಲ ಹೆಚ್ಚಾದರೂ ಬಿಚ್ಚಿ ಮತ್ತೆ ಕೂರಿಸುತ್ತಿದ್ದರು.

ಅವರು ನಂಜನಗೂಡಿನ ಕಡೆಯವರು. ನೈರೋಬಿಯ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸಲು ಬಂದು, ನಿವೃತ್ತರಾಗಿ, ಅದೇ ಊರಿನ ಪಂಗಾನಿ ಬಡಾವಣೆಯಲ್ಲೇ ಉಳಿದಿದ್ದರು. ಮನೆಯ ಹಿಂದೆ ತಗಡಿನ ಶೆಡ್ಡು. ಕಾರಿಗೆ ದೊಡ್ಡ ಸ್ಪೀಕರು ಹಾಕಿಸಿಕೊಂಡು ಆಮೇಲೆ ಗಾಡಿ ಸ್ಟಾರ್ಟ್ ಆಗದವರೆಲ್ಲ ಅಲ್ಲಿಗೆ ಬರುತ್ತಿದ್ದರು. ಬರುವವರಿಗೆ ಅವರು ಮ್ವಾಲಿಮು, ಅಂದರೆ ಮೇಷ್ಟ್ರು. ಅವರಿಗೆ ಸ್ವತಃ ಗದ್ದಲ ಆಗುತ್ತಿರಲಿಲ್ಲ. ದೇವರ ಮನೆಯಿಂದ ಎರಡು ಹತ್ತಿ ಬತ್ತಿ ತಂದು, ಕಿವಿಗೊಂದರಂತೆ ಇಟ್ಟುಕೊಂಡು ಕೆಲಸಕ್ಕೆ ಇಳಿಯುತ್ತಿದ್ದರು. ಸಂಜೆ ಅವೇ ಬತ್ತಿ ದೀಪಕ್ಕೆ ಹೋಗುತ್ತಿದ್ದವೇ ಎಂದು ನಾನು ಕೇಳಲಿಲ್ಲ.

ನಾನು ಬೆಂಗಳೂರಿನಿಂದ ಕಂಪನಿ ಕೆಲಸದ ಮೇಲೆ ಬಂದವನು. ಮೊಬೈಲ್ ಟವರ್‌ಗಳ ವಿದ್ಯುತ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಕಾರಿಗೆ ಎರಡು ವೂಫರ್ ಹಾಕಿಸಿದ ವಾರದಲ್ಲೇ ಹೆಡ್‌ಲೈಟು ತಾಳಕ್ಕೆ ತಕ್ಕಂತೆ ಮಂಕಾಗತೊಡಗಿತು. ಅವರ ಬಳಿ ಹೋದೆ. ಶೆಡ್ಡಿನ ಬಾಗಿಲು ಮುಚ್ಚಿ, ಬಿಳಿ ಗೋಡೆಗೆ ಹೆಡ್‌ಲೈಟು ಬಿಟ್ಟು, ಹಾಡು ಹಾಕಿ ಎಂದರು. ಪ್ರತಿ ಪೆಟ್ಟಿಗೂ ಗೋಡೆಯ ಬೆಳಕು ಕುಸಿದು ಎದ್ದಿತು.

"ನೋಡಿದ್ರಾ ಇಂಜಿನಿಯರ್ ಸಾಹೇಬ್ರೇ, ಗೋಡೆ ಕಣ್ಣು ಮಿಟುಕಿಸ್ತಾ ಇದೆ."

"ಹೊಸ ಬ್ಯಾಟರಿ ಹಾಕ್ಲಾ ಮೇಷ್ಟ್ರೇ?"

"ಬ್ಯಾಟರಿ ಅಂದ್ರೆ ಕೊಡ. ಅದನ್ನ ತುಂಬಿಸೋ ಆಲ್ಟರ್ನೇಟರ್ ಅಂದ್ರೆ ನಲ್ಲಿ. ನಲ್ಲೀಲಿ ಬರೋದು ಬೆರಳ ಗಾತ್ರ, ನೀವು ಮೊಗೆಯೋದು ಬಕೆಟ್ಟಲ್ಲಿ. ಕೊಡ ದೊಡ್ಡದು ಮಾಡಿದ್ರೆ ಏನಾಗತ್ತೆ? ಸ್ವಲ್ಪ ತಡವಾಗಿ ಖಾಲಿಯಾಗತ್ತೆ. ಪಂಗಾನೀಲಿ ನೀರು ಹಿಡಿದು ಗೊತ್ತಿಲ್ವಾ ನಿಮಗೆ?"

ಒಂದು ವೂಫರ್ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದು ಈಗಲೂ ನಮ್ಮ ಮನೆಯಲ್ಲಿದೆ. ಅದರ ಮೇಲೆ ತುಳಸಿ ಕುಂಡ ಇದೆ.

ಅಲ್ಲೇ ನನಗೆ ಓಟಿಯೆನೊ ಪರಿಚಯವಾದದ್ದು. ಐವತ್ತು ದಾಟಿದವನು, ಕಸರಾನಿ ದಾರಿಯಲ್ಲಿ ಮಟಾಟು ಓಡಿಸುತ್ತಿದ್ದ. ಹಾಡು ಜೋರಿಲ್ಲದ ಮಟಾಟು ವ್ಯಾನಿಗೆ ಅಲ್ಲಿ ಜನ ಹತ್ತುವುದಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬಂದು, ಹೆಚ್ಚಿಸಿ ಎಂದು ಬೇಡುತ್ತಿದ್ದ. "ಒಂಗೇಝಾ, ಮ್ವಾಲಿಮು!"

"ಹೆಚ್ಚಿಸ್ತೀನಪ್ಪಾ. ಮೊದ್ಲು ನಲ್ಲಿ ದಪ್ಪ ಮಾಡಿಸ್ಕೊಂಡು ಬಾ."

ವರ್ಷಗಟ್ಟಲೆ ಕೇಳಿ ಓಟಿಯೆನೊಗೆ ಇಷ್ಟು ಕನ್ನಡ ಬರುತ್ತಿತ್ತು. "ನಲ್ಲಿ ಘಾಲಿ, ಮ್ವಾಲಿಮು," ಎನ್ನುತ್ತಿದ್ದ. ಘಾಲಿ ಎಂದರೆ ದುಬಾರಿ.

"ಹಾಗಾದ್ರೆ ಮೆಲ್ಲಗೆ ಹಾಡ್ಕೊಂಡು ಹೋಗು."

ಫ್ಯೂಸಿಗೆ ಗೇಣಿನ ಲೆಕ್ಕ ಯಾಕೆ ಎಂದು ಒಮ್ಮೆ ಕೇಳಿದೆ. "ಫ್ಯೂಸ್ ಕಾಯೋದು ಸ್ಪೀಕರನ್ನಲ್ಲ ಕಣ್ರೀ, ತಂತೀನ. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರೋ ತಂತಿ ಇದೆಯಲ್ಲ, ಅದಕ್ಕೆ ಹಿಂದಿಲ್ಲ ಮುಂದಿಲ್ಲ. ಅನಾಥ. ಅನಾಥ ಎಷ್ಟು ಚಿಕ್ಕದಾಗಿದ್ರೆ ಅಷ್ಟು ಒಳ್ಳೇದು."

ಇದನ್ನು ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡಿರಲಿಲ್ಲ ಎಂದು ಹೇಳುವಂತಿಲ್ಲ.

ಆ ಭಾನುವಾರ ಕಸರಾನಿಯ ಬಯಲಿನಲ್ಲಿ ಕನ್ನಡಿಗರ ಪಿಕ್‌ನಿಕ್ಕು. ಬರಬೇಕಾಗಿದ್ದ ಜನರೇಟರು ಬರಲಿಲ್ಲ. ಮಕ್ಕಳು ಡೊಳ್ಳಿನ ಹಾಡಿಗೆ ಕುಣಿಯಲು ಎರಡು ತಿಂಗಳು ಕಲಿತಿದ್ದರು. ಮೇಷ್ಟ್ರು ತಮ್ಮ ಬೂದಿ ಬಣ್ಣದ ಹಳೆಯ ಸ್ಟೇಷನ್ ವ್ಯಾಗನ್ ತಂದು ನಿಲ್ಲಿಸಿ, ಅದರ ಸ್ಪೀಕರಿನಲ್ಲೇ ಹಾಡು ಹಾಕಿದರು. ವಾಲ್ಯೂಮಿನ ಗುಂಡಿಯ ಪಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆದು, "ಇದನ್ನು ದಾಟಿಸಬೇಡಿ" ಎಂದು ಹೇಳಿ, ಬಿಸಿಬೇಳೆ ಬಾತಿನ ಸಾಲಿಗೆ ಹೋದರು.

ಗೆರೆ ದಾಟಿಸಿದವರು ಯಾರೋ ಗೊತ್ತಿಲ್ಲ, ನಾನಲ್ಲ. ಫ್ಯೂಸ್ ಹೋಯಿತು. ಮಕ್ಕಳು ಒಂದು ಕಾಲೆತ್ತಿಕೊಂಡೇ ನಿಂತರು. "ಅಂಕಲ್, ಈಸ್ ಇಟ್ ಓವರ್?" ಎಂದು ಒಬ್ಬಳು ನನ್ನನ್ನು ಕೇಳಿದಳು.

ದೊಡ್ಡವರು ಮಕ್ಕಳಿಗೆ ನೀರು ಕುಡಿಸಲು ನೆರಳಿಗೆ ಕರೆದೊಯ್ದರು. ನಾನೊಬ್ಬನೇ ಬಾನೆಟ್ ಎತ್ತಿದೆ. ನಮ್ಮ ಬಸವನಗುಡಿಯ ಮನೆಯಲ್ಲಿ ಫ್ಯೂಸ್ ಹೋದರೆ ಅಪ್ಪ ಅದಕ್ಕೆ ದಪ್ಪ ತಾಮ್ರದ ತಂತಿ ಸುತ್ತುತ್ತಿದ್ದರು. ಅದು ಮತ್ತೆ ಹೋಗುತ್ತಿರಲಿಲ್ಲ. ಅದನ್ನೇ ರಿಪೇರಿ ಎಂದು ನಂಬಿ ಬೆಳೆದವನು ನಾನು. ಟೂಲ್ ಡಬ್ಬಿಯಲ್ಲಿ ಒಂದು ತುಂಡು ತಂತಿ ಸಿಕ್ಕಿತು. ಸುತ್ತಿ ಬಾನೆಟ್ ಮುಚ್ಚಿದೆ. ಹೊಸ ಫ್ಯೂಸ್‌ಗಳು ನಾಲ್ಕು ಅದೇ ಡಬ್ಬಿಯಲ್ಲಿದ್ದವು ಎಂದು ಆಮೇಲೆ ತಿಳಿಯಿತು.

ಡೊಳ್ಳು ಮತ್ತೆ ಶುರುವಾಯಿತು. ಎಲ್ಲರೂ ಓಡಿಬಂದು ಕಾರನ್ನು ಮುತ್ತಿಕೊಂಡರು. ಪಿಕ್‌ನಿಕ್ಕಿಗೆ ಜನರನ್ನು ಕರೆತಂದಿದ್ದ ಓಟಿಯೆನೊ ಮಡ್‌ಗಾರ್ಡಿಗೆ ಒರಗಿ ತಾಳ ಹಾಕುತ್ತಿದ್ದ. ಮಕ್ಕಳಿಗೆ ಕುಣಿತ ಕಲಿಸಿದ್ದ ಡಾಕ್ಟರ್ ಶೈಲಜಾ ಅವನ ಪಕ್ಕದಲ್ಲಿದ್ದರು. ಇಬ್ಬರು ಚಿಕ್ಕ ಮಕ್ಕಳು ಹಿಂದಿನ ಸೀಟಿಗೇ ಹತ್ತಿದರು. ನಾನು ಎಂಟು ಹೆಜ್ಜೆ ಹಿಂದಕ್ಕೆ ಸರಿದೆ.

ಎರಡನೆಯ ಹಾಡಿಗೆ ಬಾನೆಟ್ಟಿನ ಸಂದಿನಿಂದ ಹೊಗೆ ಬಂತು. ಮೇಷ್ಟ್ರು ದೂರದಿಂದ ನೋಡಿ, ತಟ್ಟೆಯನ್ನು ಹುಲ್ಲಿನ ಮೇಲೆ ನೆಟ್ಟಗೆ ಇಟ್ಟು, ಓಡಿಬಂದರು. ಆಗ ಅವರಿಗೆ ಎಪ್ಪತ್ತೊಂದು. ಓಟಿಯೆನೊ ಆ ಇಬ್ಬರು ಮಕ್ಕಳನ್ನು ಕಂಕುಳಿಗೊಬ್ಬರಂತೆ ಎಳೆದುಕೊಂಡು ಹೊರಗೆ ಬಂದ. ಮೇಷ್ಟ್ರು ಬಾನೆಟ್ ಎತ್ತಿ, ಕಾದು ಹೊಗೆಯಾಡುತ್ತಿದ್ದ ತಂತಿಯನ್ನು ಅಂಗೈಯಲ್ಲಿ ಹಿಡಿದು ಬ್ಯಾಟರಿಯಿಂದ ಕಿತ್ತರು. ಹಾಡು ನಿಂತಿತು. ಅವರು ಕೂಗಲಿಲ್ಲ. ತಂತಿಯ ಕರಗಿದ ಪ್ಲಾಸ್ಟಿಕ್ಕು ಕೈಗೆ ಅಂಟಿ ಬಿಡಲಿಲ್ಲ. ಎಂಟು ಹೆಜ್ಜೆಯಲ್ಲಿ ಒಂದನ್ನೂ ನಾನು ಇಡಲಿಲ್ಲ.

ಶೈಲಜಾ ಕೈಗೆ ನೀರು ಸುರಿಯುತ್ತಿದ್ದಾಗ ಮೇಷ್ಟ್ರು ಫ್ಯೂಸಿನ ಕಡೆ ನೋಡಿದರು. "ಇದು ಯಾರ ಕೆಲಸ?"

ಗುಂಪಿನಲ್ಲಿ ಒಬ್ಬರು, "ಇನ್ಯಾರು ಮೇಷ್ಟ್ರೇ, ಮಟಾಟು ಜನ ಮಾಡೋದೇ ಹೀಗೆ," ಎಂದರು. ಎಲ್ಲರೂ ಓಟಿಯೆನೊನನ್ನು ನೋಡಿದರು. "ಸಿ ಮಿಮಿ," ಎಂದ ಅವನು, ನಾನಲ್ಲ ಎಂದು. ಒಂದು ಮಗು ಇನ್ನೂ ಅವನ ಕಂಕುಳಲ್ಲೇ ಇತ್ತು. ಮರುವರ್ಷದಿಂದ ಪಿಕ್‌ನಿಕ್ಕಿಗೆ ಬೇರೆ ಗಾಡಿ ಗೊತ್ತುಮಾಡಿದರು. ಅದನ್ನು ತೀರ್ಮಾನಿಸಿದ ಸಭೆಯಲ್ಲಿ ನಾನೂ ಇದ್ದೆ. ಒಪ್ಪಿಗೆ ಎಂದು ಕೈ ಎತ್ತಿದೆ.

ಮೇಷ್ಟ್ರ ಕೈ ವಾಸಿಯಾಯಿತು, ಆದರೆ ಕಿರುಬೆರಳೂ ಉಂಗುರದ ಬೆರಳೂ ಒಳಕ್ಕೆ ಮಡಿಚಿಕೊಂಡೇ ಉಳಿದವು. ಅದೇ ಕೈಯಿಂದ ಅಳೆಯುತ್ತಿದ್ದರು. ಎಡಗೈ ಇದೆಯಲ್ಲ ಎಂದರೆ, "ಇದೇ ಇರಲಿ ಬಿಡಿ. ಗೇಣು ಚಿಕ್ಕದಾಯ್ತು, ಅನಾಥನೂ ಚಿಕ್ಕವನಾದ. ಒಳ್ಳೇದೇ ಆಯ್ತಲ್ಲ," ಎನ್ನುತ್ತಿದ್ದರು. ಓಟಿಯೆನೊನ ಮಟಾಟು ಮೊದಲಿನಂತೆಯೇ ಶೆಡ್ಡಿಗೆ ಬರುತ್ತಿತ್ತು.

ಮೂರು ವರ್ಷದ ಮೇಲೆ, ಅವರು ಹಾಸಿಗೆ ಹಿಡಿದಿದ್ದಾಗ, ನೋಡಲು ಹೋದೆ. ಕಾಫಿ ಮುಗಿಸಿ, ಆ ತಂತಿ ಸುತ್ತಿದ್ದು ನಾನೇ ಎಂದು ಹೇಳಿದೆ.

"ಗೊತ್ತು," ಎಂದರು.

"ಯಾವಾಗಿಂದ ಮೇಷ್ಟ್ರೇ?"

"ಅವತ್ತಿನಿಂದಲೇ. ಎಲ್ಲರೂ ಕಾರಿಗೆ ಒರಗಿಕೊಂಡು ನಿಂತಿದ್ರು. ದೂರ ನಿಂತಿದ್ದವರು ನೀವೊಬ್ಬರೇ. ತಂತಿ ಹಾಕಿದವನಿಗೆ ಒಳಗೆ ಗೊತ್ತಿರತ್ತೆ, ಸಾಹೇಬ್ರೇ. ನಿಮ್ಮ ಕಾಲಿಗೆ ನಿಮಗಿಂತ ಚೆನ್ನಾಗಿ ಫಿಸಿಕ್ಸ್ ಬರತ್ತೆ."

ಕ್ಷಮಿಸಿ ಎಂದೆ. ಮಡಿಚಿದ ಬೆರಳುಗಳ ಆ ಕೈಯನ್ನು ಆಡಿಸಿ ಬೇಡ ಎಂದರು. "ನನಗೆ ಹೇಳಿ ಏನುಪಯೋಗ? ನಂದು ಹೋಗಿದ್ದು ಕೈ ಅಷ್ಟೇ. ಓಟಿಯೆನೊಗೆ ಹೇಳಿ."

ಹದಿನೈದು ದಿನಕ್ಕೆ ಅವರು ಹೋದರು. ಶೆಡ್ಡಿಗೆ ಈಗ ಬೀಗ.

ಆ ದಿನ ಹತ್ತಿರದಿಂದ ಕಂಡವರಲ್ಲಿ ಇಬ್ಬರು ಇನ್ನೂ ಇದೇ ಊರಿನಲ್ಲಿದ್ದಾರೆ. ಒಬ್ಬರು ಡಾಕ್ಟರ್ ಶೈಲಜಾ, ಗಿಗಿರಿಯಲ್ಲಿ. ಇನ್ನೊಬ್ಬ ಓಟಿಯೆನೊ. ಕಳೆದ ವಾರ ಪಂಗಾನಿಯಲ್ಲಿ ಅವನು ಯಾರದೋ ವ್ಯಾನಿನ ಬಾನೆಟ್ಟಿನೊಳಗೆ ಗೇಣು ಹಾಕುತ್ತಿದ್ದ. ಅವನ ಕೈ ಗಟ್ಟಿಮುಟ್ಟಾಗಿದೆ. ಆದರೂ ಕೊನೆಯ ಎರಡು ಬೆರಳು ಮಡಿಚಿಕೊಂಡೇ ಅಳೆದ. ನಾನು ರಸ್ತೆಯ ಈಚೆ ನಿಂತು ನೋಡಿ ಬಂದೆ. ಶೈಲಜಾ ಇದನ್ನು ಓದುತ್ತಾರೆ. ಓಟಿಯೆನೊಗೆ ಕನ್ನಡ ಓದಲು ಬರುವುದಿಲ್ಲ. ಅವನ ಬಳಿಗೆ ನಾನೇ ನಡೆದು ಹೋಗಬೇಕು.