ಪುಸ್ತಕದಲ್ಲಿಲ್ಲದ ಹುಸೇನಬಿ

ಮಾಬೂಬಿ, ಪಂಚಾಯಿತಿಯಲ್ಲಿ ಎಲ್ಲರೆದುರು ‘ನನಗ ನೆನಪಿಲ್ಲವ್ವಾ’ ಅಂದೆನಲ್ಲ, ಅದು ಸುಳ್ಳು. ನಿಮ್ಮಪ್ಪ ದಾವಲಸಾಬನಿಗೆ ನಾನು ಓದಿ ಹೇಳಿದ್ದೆಲ್ಲ ಅಕ್ಷರಕ್ಷರ ನೆನಪಿದೆ. ಅವನು ನಿನಗೆ ಇಲ್ಲದ್ದನ್ನು ಹೇಳಿರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಇದೆ ಎಂದು ಓದಿದವನು ನಾನು — ಒಮ್ಮೆಯಲ್ಲ, ಹನ್ನೊಂದು ವರ್ಷ.

ಶಾಲೆಯಿಂದ ನಿವೃತ್ತನಾದ ಮೇಲೆ ನಮ್ಮ ಸೀಮೆಯ ಬಗ್ಗೆ ಒಂದು ಪುಸ್ತಕ ಬರೆಯುವ ಹುಚ್ಚು ಹತ್ತಿತು. ಮಣ್ಣು, ಹಳ್ಳ, ಊರುಗಳು, ಜನ. ಮೂವತ್ತು ವರ್ಷ ಭೂಗೋಳ ಕಲಿಸಿದವನಿಗೆ ಮನೆಯ ಹಿಂದಿನ ಹೊಲದ ಹೆಸರು ಗೊತ್ತಿರಲಿಲ್ಲ, ನೋಡು! ನಿಮ್ಮಪ್ಪನಿಗೆ ಎಲ್ಲ ಗೊತ್ತಿತ್ತು. ನನಗಿಂತ ಎರಡು ವರ್ಷ ಚಿಕ್ಕವನು, ಶಾಲೆಯ ಮುಖ ಕಂಡವನಲ್ಲ. ಕಪ್ಪತಗುಡ್ಡದ ಬುಡದಿಂದ ತುಂಗಭದ್ರೆಯ ದಂಡೆಯವರೆಗೆ ನನ್ನನ್ನು ನಡೆಸಿಕೊಂಡು ಹೋದ. ಯಾವ ಹೊಲದಲ್ಲಿ ಬಿಳಿಜೋಳ ಚೆನ್ನಾಗಿ ಬರುತ್ತದೆ, ಯಾವ ಹಳ್ಳ ಯಾವ ಊರಿನ ಗಡಿ, ಯಾವ ಮನೆತನ ಸೊರಟೂರಿನಿಂದ ಬಂತು — ಎಲ್ಲ ಬಾಯಿಪಾಠ. ಆ ಪುಸ್ತಕದ ಮುಕ್ಕಾಲು ಪಾಲು ಅವನದು. ಹೊದಿಕೆಯ ಮೇಲಿನ ಹೆಸರು ಮಾತ್ರ ನನ್ನದು. ಅದಕ್ಕೂ ಅವನು ತಕರಾರು ತೆಗೆಯಲಿಲ್ಲ. ಒಂದೇ ಒಂದು ಕೇಳಿದ.

‘ನಮ್ಮ ಅಜ್ಜಿ ಹೆಸರು ಒಂದು ಕಡೆ ಹಾಕ್ರಿ ಮಾಸ್ತರ್ರ. ಮತ್ತೇನೂ ಬ್ಯಾಡ.’

ಊರ ಕೆಳಗಿನ ಸಿಹಿನೀರಿನ ಬಾವಿಯ ಕತೆ ನಿನಗೆ ಗೊತ್ತೇ ಇದೆ. ಗೊತ್ತಿಲ್ಲದವರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನಮ್ಮದು ಎರೆ, ಕಪ್ಪು ಮಣ್ಣಿನ ನೆಲ, ಎಲ್ಲಿ ತೋಡಿದರೂ ಸವಳು ನೀರು, ಬಾಯಿಗೆ ಇಡುವಂತಿಲ್ಲ. ನಿಮ್ಮಪ್ಪನ ಅಜ್ಜಿ, ಹುಸೇನಬಿ ಎಂಬ ವಿಧವೆ, ತನ್ನ ಅಣ್ಣನನ್ನು ಜೊತೆಗೆ ಕರೆದುಕೊಂಡು ಎರಡು ಕಡೆ ತೋಡಿದಳು, ಎರಡೂ ಸವಳು. ಊರು ನಕ್ಕಿತು. ಮೂರನೆಯದನ್ನು ಎರೆ ಮುಗಿದು ಮಸಾರಿಯ ಕೆಂಪು ಮಣ್ಣು ಶುರುವಾಗುವ ಅಂಚಿನಲ್ಲಿ ಹಿಡಿದಳು. ಅಣ್ಣ ಅಗೆದ, ಅವಳು ಮಣ್ಣು ಹೊತ್ತಳು. ಸಿಹಿನೀರು ಬಿತ್ತು. ನಲ್ಲಿ ಬರುವವರೆಗೆ ಊರಿಗೆ ಊರೇ ಕುಡಿದದ್ದು ಆ ನೀರನ್ನೇ. ನಾನೂ ಅದೇ ನೀರು ಕುಡಿದು ಬೆಳೆದವನು.

ಬರೆದಿದ್ದೆ, ಮಾಬೂಬಿ. ಒಂದೂವರೆ ಪುಟ ಬರೆದಿದ್ದೆ. ಅಚ್ಚಿಗೆ ಕೊಡುವ ಮೊದಲು ಊರಿನ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಆ ಪುಟದ ಮೇಲೆ ಬೆರಳಿಟ್ಟರು.

‘ಇದಕ್ಕ ದಾಖಲಿ ಏನೈತ್ರಿ ಮಾಸ್ತರ? ಹೆಣ್ಮಗಳ ಹೆಸರು, ಅದೂ ಮತ್ತ... ಬಿಡ್ರಿ, ಯಾಕ ಬೇಕು.’

ಆ ‘ಅದೂ ಮತ್ತ’ದ ಮುಂದಿನದು ನನಗೆ ತಿಳಿಯಿತು. ದಾಖಲೆ ಇಲ್ಲವೆಂದು ಯಾರು ಹೇಳಿದರು? ಬಾವಿಯ ಹೂಳು ತೆಗೆಯುವಾಗಲೆಲ್ಲ ಮೊದಲ ಬುಟ್ಟಿ ನಿಮ್ಮ ಮನೆಯವರೇ ಎತ್ತಬೇಕು, ಆಮೇಲೆಯೇ ಉಳಿದವರು ಕೆಳಗಿಳಿಯಬೇಕು. ಆ ಹಿರಿಯರೂ ಎಷ್ಟೋ ಸಲ ದಡದ ಮೇಲೆ ನಿಂತು ನಿಮ್ಮವರ ದಾರಿ ಕಾದವರೇ. ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಯಾರೂ ನನ್ನನ್ನು ಹೆದರಿಸಲಿಲ್ಲ, ಬೈಯಲಿಲ್ಲ. ನನಗೆ ಎಲ್ಲರಿಂದಲೂ ಒಳ್ಳೆಯವನು ಅನ್ನಿಸಿಕೊಳ್ಳಬೇಕಾಗಿತ್ತು, ಅಷ್ಟೇ. ಒಂದೂವರೆ ಪುಟ ಹೊಡೆದುಹಾಕಿ ಒಂದು ಸಾಲು ಬರೆದೆ: ‘ಯಾರೋ ಪುಣ್ಯಾತ್ಮರು ತೋಡಿಸಿದ ಸಿಹಿನೀರಿನ ಬಾವಿಯೊಂದು ಇಲ್ಲಿದೆ.’

ಪುಸ್ತಕ ಬಂದ ಮರುದಿನ ಬೆಳಿಗ್ಗೆಯೇ ನಿಮ್ಮಪ್ಪ ಬಂದ, ತೊಳೆದ ರುಮಾಲು ಸುತ್ತಿಕೊಂಡು. ‘ಅಜ್ಜಿದು ಓದ್ರಿ’ ಅಂದ. ನಾನು ಪುಟ ತೆರೆದೆ. ಕಣ್ಣಿನ ಮುಂದೆ ಆ ಒಂದು ಸಾಲು. ಬಾಯಲ್ಲಿ ಬಂದದ್ದು — ಹೊಡೆದುಹಾಕಿದ ಒಂದೂವರೆ ಪುಟ. ಪೂರ್ತಿ ಓದಿದೆ, ನಡುವೆ ಪುಟ ತಿರುವಿದಂತೆಯೂ ಮಾಡಿದೆ. ಅವನು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡು ಪುಸ್ತಕವನ್ನು ಹಣೆಗೆ ಒತ್ತಿಕೊಂಡ.

ಆಮೇಲೆ ಪ್ರತಿ ರಮಜಾನ್ ಹಬ್ಬಕ್ಕೆ ಶಾವಿಗೆಯ ಸುರಕುಂಬಾ ಪಾಯಸ ತರುತ್ತಿದ್ದ, ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಪುಸ್ತಕ. ‘ಒಮ್ಮಿ ಓದ್ರಿ ಮಾಸ್ತರ್ರ.’ ಒಂದು ವರ್ಷ ಬಾಯಿ ತಪ್ಪಿ, ಬಾವಿಯ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ ಎಂದು ಸೇರಿಸಿಬಿಟ್ಟೆ. ಅವನು ಕೈ ಎತ್ತಿ ನಿಲ್ಲಿಸಿದ.

‘ಹೋದ ವರ್ಷ ಇದು ಇದ್ದಿಲ್ಲಲ್ರಿ?’

‘ಒಂದು ಸಾಲು ಬಿಟ್ಟು ಓದಿದ್ದೆ ಕಾಣಸ್ತೈತಿ.’

‘ಹಂಗಾರ ಮತ್ತೊಮ್ಮಿ ಮೊದಲಿಂದ ಓದ್ರಿ’ ಎಂದು ನಕ್ಕ. ಓದಿದೆ. ಅವನಿಗೆ ಗೊತ್ತಿತ್ತೋ ಏನೋ ಎಂದು ಈಗ ಒಮ್ಮೊಮ್ಮೆ — ಬೇಡ. ಆ ಸಮಾಧಾನ ನನಗೆ ಬೇಡ.

ಹೋದ ವರ್ಷ ಅವನು ತೀರಿಕೊಂಡ. ಮಣ್ಣಿಗೆ ಹೋಗಿ ಬಂದು, ದೇವರೇ, ಇನ್ನು ಓದುವುದು ತಪ್ಪಿತಲ್ಲ ಅಂದುಕೊಂಡೆ. ಅಷ್ಟು ಕೀಳು ಮನುಷ್ಯ ನಾನು.

ತಪ್ಪಲಿಲ್ಲ. ಪಂಚಾಯಿತಿಯವರು ಬಾವಿ ದುರಸ್ತಿ ಮಾಡಿಸಿ ಕಲ್ಲು ನಿಲ್ಲಿಸುತ್ತೇವೆ, ತೋಡಿಸಿದವರ ಹೆಸರು ಬೇಕು ಅಂದರು. ನೀನು ಆ ಪುಸ್ತಕ ಎದೆಗವಚಿಕೊಂಡು ಬಂದೆ. ‘ಇದರಾಗ ಐತ್ರಿ, ನಮ್ಮಪ್ಪ ತೋರಿಸ್ಯಾನ’ ಅಂದೆ. ಕಾರಕೂನ ಓದಿದ: ‘ಯಾರೋ ಪುಣ್ಯಾತ್ಮರು.’ ಯಾರೋ ಒಬ್ಬ, ‘ನಿಮ್ಮಪ್ಪ ಕನಸಿನ್ಯಾಗ ಓದಿಸಿಕೊಂಡಿರಬೇಕು’ ಅಂದ, ನಗು ಎದ್ದಿತು. ನೀನು ನಗುವವರತ್ತ ನೋಡಲಿಲ್ಲ. ನನ್ನತ್ತ ತಿರುಗಿದೆ.

‘ಮಾಸ್ತರ್ರ, ನೀವ ಓದಿದ್ರಿ. ನಾನು ಬಾಗಿಲದಾಗ ನಿಂತು ಕೇಳೇನಿ. ಹೇಳ್ರಿ ಇವರಿಗೆ.’

ಆಗ ನಾನು ಆಡಿದ ಮಾತು ನಿನಗೆ ಗೊತ್ತು. ನಿಮ್ಮಪ್ಪ ಸತ್ತ ಮೇಲೆ ಅವನನ್ನು ಸುಳ್ಳುಗಾರನನ್ನಾಗಿ ಮಾಡಿದೆ, ಅದೂ ಮಗಳ ಎದುರಿಗೆ. ನೀನು ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ.

ಕಲ್ಲು ಇನ್ನೂ ಕೆತ್ತಿಲ್ಲ. ಇದೇ ಬರಹದ ಒಂದು ಪ್ರತಿಯನ್ನು ನಿನ್ನೆ ಪಂಚಾಯಿತಿಗೆ ಕೊಟ್ಟು, ಅವರೆದುರೇ ಸಹಿ ಹಾಕಿ ಬಂದಿದ್ದೇನೆ. ಬರುವ ಸಭೆಯಲ್ಲಿ ಎದ್ದು ನಿಂತು ಬಾಯಿಂದಲೂ ಹೇಳುತ್ತೇನೆ. ಯಾರಿಂದಲೂ ಒಳ್ಳೆಯವನು ಅನ್ನಿಸಿಕೊಳ್ಳುವುದು ಈಗ ನನಗೆ ಬೇಕಾಗಿಲ್ಲ, ಸಾಕಾಗಿದೆ.

ಇನ್ನೊಂದು ಪ್ರತಿ ಇದು, ನಿನ್ನದು. ನಿನಗೂ ಓದು ಬರುವುದಿಲ್ಲ. ನಾನು ಓದಿ ಹೇಳಿದರೆ ನೀನು ಯಾಕೆ ನಂಬಬೇಕು? ಮೊನ್ನೆ ಮೊನ್ನೆ ಲಕ್ಷ್ಮೇಶ್ವರದಿಂದ ಮದುವೆಯಾಗಿ ಬಂದ ನಿನ್ನ ಸೊಸೆ ಕಾಲೇಜು ಕಲಿತವಳು, ಅವಳ ಕೈಗೆ ಕೊಡುತ್ತೇನೆ. ಅವಳು ಓದಲಿ, ಒಂದಕ್ಷರ ಬಿಡದೆ. ಓದಿ ಮುಗಿಯುವವರೆಗೆ ನಾನು ಹೊರಗೆ ನಿಂತಿರುತ್ತೇನೆ. ಆಮೇಲೆ ಒಳಗೆ ಕರೆಯಬೇಕೋ, ಬಾಗಿಲು ಹಾಕಿಕೊಳ್ಳಬೇಕೋ, ನಿನಗೆ ಬಿಟ್ಟದ್ದು.