ಖಾಲಿ ಚೌಕಟ್ಟು, ಎರಡನೇ ಮುದ್ದೆ

ನಮ್ಮ ಮನೆಗೆ ಊಟಕ್ಕೆ ಬಂದವರು ಒಂದೇ ಮುದ್ದೆ ತಿಂದು ಎದ್ದದ್ದಿಲ್ಲ. ಮೊದಲನೆಯದು ಅರ್ಧ ಮುಗಿಯುವ ಮುಂಚೆಯೇ ಎರಡನೆಯದನ್ನು ತಟ್ಟೆಗೆ ಇಟ್ಟುಬಿಡುತ್ತೇನೆ. ಇದನ್ನು ಪ್ರೀತಿ ಅಂದುಕೊಂಡಿದ್ದೆ. ಸಂಕ್ರಾಂತಿ ಕಳೆದ ಮೇಲೆ ಜೇನುಹುಳುಗಳು ನನಗೆ ಬುದ್ಧಿ ಕಲಿಸಿದವು.

ಜೇನುಪೆಟ್ಟಿಗೆ ಸೊಸೆ ಸರಳಾಳದು. ಅವಳಿಗಿರುವುದು ಅದೊಂದೇ. ಚಿಂತಾಮಣಿಯ ತವರಿಗೆ ಹೊರಟಾಗ, "ಅತ್ತೆ, ಮರಿ ಮಾಡೋ ಕಾಲ, ಪೆಟ್ಟಿಗೆ ಮುಟ್ಬೇಡಿ" ಅಂದಳು. ಮುಟ್ಟಬೇಡ ಅಂದದ್ದರ ಹತ್ತಿರ ನನ್ನ ಕೈ ಸುಮ್ಮನಿರುವುದಿಲ್ಲ.

ಮಾರನೆಯ ದಿನವೇ ಮುಚ್ಚಳ ತೆಗೆದೆ. ಜೇನು ಎರಿ ಕಟ್ಟುವ ನಾಲ್ಕು ಮರದ ಚೌಕಟ್ಟಿನ ತುಂಬ ಮರಿ, ಮರಿಯ ಮೇಲೆ ಹುಳುಗಳ ಗುಂಪು. ಶಿಡ್ಲಘಟ್ಟದ ಕಡೆ ಹುಟ್ಟಿ, ಆಯುಸ್ಸೆಲ್ಲ ರೇಷ್ಮೆಹುಳು ಸಾಕಿದವಳು ನಾನು. ಹುಳು ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದಾಗಲೆಲ್ಲ ಹಾಸು ಅಗಲ ಮಾಡಬೇಕು. ಒತ್ತೊತ್ತಾಗಿ ಬಿಟ್ಟರೆ ರೋಗ. ಹುಳುವೆಂದರೆ ಹುಳು ತಾನೆ? ಸರಳಾ ಎತ್ತಿಟ್ಟಿದ್ದ ಮೂರು ಖಾಲಿ ಚೌಕಟ್ಟು ತಂದು ಮರಿಗಳ ನಡುನಡುವೆ ಸಿಕ್ಕಿಸಿದೆ. ಎರಡು ಕಡೆ ಕಚ್ಚಿದವು. ಉಪಕಾರ ತಿಳಿಯದವು ಅಂತ ಬೈದೆ.

ಆಮೇಲೆ ಚಳಿ ಬಿತ್ತು. ಮೂರನೆಯ ಬೆಳಿಗ್ಗೆ ಜೇನುಗಳು ಸತ್ತ ಬಿಳಿ ಮರಿಗಳನ್ನು ಎಳೆದೆಳೆದು ಪೆಟ್ಟಿಗೆಯ ಬಾಗಿಲಿಗೆ ಹಾಕುತ್ತಿದ್ದವು. ಯಾರಿಗೂ ಕಾಣದಂತೆ ಗುಡಿಸಿದೆ. ಗುಡಿಸಿದಷ್ಟೂ ಬಂದವು.

ಸರಳಾ ಬಂದವಳೇ ಮುಚ್ಚಳ ತೆಗೆದಳು.

"ಮಧ್ಯ ಮಧ್ಯ ಖಾಲಿದು ಯಾರು ಹಾಕಿದ್ದು?"

"ಜಾಗ ಬೇಡ್ವೇನೇ ಅವಕ್ಕೆ?"

"ನಿಮ್ಮ ರೇಷ್ಮೆಹುಳ ಅಲ್ಲ ಅತ್ತೆ ಇವು! ಮೈ ಬಿಸೀಲಿ ಮರಿ ಸಾಕ್ತವೆ. ಒಂದೇ ಕಂಬಳೀಲಿ ಮಲಗಿದ್ದೋರ ಮಧ್ಯ ಗೋಡೆ ಎಬ್ಬಿಸಿದ್ದೀರಲ್ಲ!"

 

ಖಾಲಿಯವನ್ನು ಕಿತ್ತು, ನಾಲ್ಕನ್ನೂ ಒತ್ತಟ್ಟಿಗೆ ಸೇರಿಸಿದಳು. "ಉಳಿದ್ರೆ ನಮ್ಮ ಪುಣ್ಯ" ಅಂದಳು. ಹದಿನೈದು ದಿನ ನಾನು ಹೋಗಿ ಬಂದು ಪೆಟ್ಟಿಗೆಯ ಬಾಗಿಲನ್ನೇ ನೋಡುತ್ತಿದ್ದೆ. ಸತ್ತ ಮರಿಗಳು ಬರುವುದು ನಿಂತಿತು. ರಾಣಿ ಮತ್ತೆ ಮೊಟ್ಟೆಯಿಟ್ಟಳು. ನಾಲ್ಕೂ ತುಂಬಿ ಹುಳುಗಳಿಗೆ ಕಾಲಿಡಲು ಜಾಗವಿಲ್ಲದಂತಾದಾಗ ಸರಳಾ ಒಂದೇ ಒಂದು ಖಾಲಿ ಚೌಕಟ್ಟನ್ನು ಮರಿಗಳ ಅಂಚಿಗೆ ಇಟ್ಟಳು. ಅದು ತುಂಬಿದ ಮೇಲೆ ಇನ್ನೊಂದು. "ಅವು ಕೇಳಿದ್ಮೇಲೆ ಕೊಡ್ಬೇಕು" ಅಂದಳು, ನನ್ನ ಕಡೆ ನೋಡದೆ.

ಹೊಂಗೆ ಹೂ ಬಿಡುವ ಹೊತ್ತಿಗೆ ಪೆಟ್ಟಿಗೆ ಭರ್ತಿ. ಒಂದು ಮಧ್ಯಾಹ್ನ ಎರಡನೇ ಮುದ್ದೆ ಕೈಯಲ್ಲಿ ಹಿಡಿದು ನಿಂತು ಮಗನನ್ನು ಕೇಳಿದೆ: "ಇನ್ನೊಂದು ಇಡ್ಲೇನಪ್ಪ?"

ಅವನು ಗಾಬರಿಯಾದ. "ಯಾಕಮ್ಮ, ಹುಷಾರಿಲ್ವಾ?"

"ನಂಗಿಡಿ ಅತ್ತೆ" ಅಂತ ಸರಳಾ ತಟ್ಟೆ ಮುಂದೆ ಚಾಚಿದಳು. ಇಷ್ಟು ವರ್ಷದಲ್ಲಿ ಅವಳು ಕೇಳಿದ್ದು ಅದೇ ಮೊದಲು. ಕೇಳುವುದಕ್ಕೆ ನಾನು ಬಿಟ್ಟಿದ್ದರೆ ತಾನೆ.